ಅಮಾವಾಸ್ಯೆಯ ದಿನ ಕಂಪ್ಯೂಟರ್ ಹಸನು ಮಾಡಿದ್ದು

ಅಮಾವಾಸ್ಯೆಯ ದಿನ ಗಜೇಂದ್ರಗಡದ ನಮ್ಮ ಓಣಿಯಲ್ಲಿ ಯಾರೂ ನೇಯುತ್ತಿರಲಿಲ್ಲ. ಮಗ್ಗದ ಸದ್ದು ನಿಂತರೆ ನನಗೆ ಎಚ್ಚರವಿದ್ದೂ ಮಂಪರು ಕವಿದಂತೆ ಆಗುತ್ತಿತ್ತು. ಎಲ್ಲರೂ ಮಗ್ಗದ ಕುಣಿಗೆ ಇಳಿದು ಧೂಳು, ನೂಲಿನ ತುಂಡು ಬಳಿದು ಹಸನು ಮಾಡುವ ದಿನ ಅದು. ನನಗೆ ಮಗ್ಗವಿರಲಿಲ್ಲ, ಕಂಪ್ಯೂಟರ್ ಇತ್ತು. ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ.

ಎರಡು ಸಾವಿರದ ಐದೋ ಆರೋ ಇಸವಿ ಇರಬೇಕು. ಮನೆಯ ಪಡಸಾಲೆಯಲ್ಲಿ ಕುಳಿತು ಸೀರೆ ಅಂಚಿನ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸವಾಗಿತ್ತು. ನರಗುಂದದ ಗೆಳತಿ ಕಂಪ್ಯೂಟರಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟಿದ್ದಳು. ಅದರ ಜೊತೆ ನಾನು ಕೇಳದ ಎಷ್ಟೋ ತಂತ್ರಾಂಶಗಳು ಬಂದಿದ್ದವು: ಇಸ್ಪೀಟು, ನಕ್ಷತ್ರ ತೋರಿಸುವುದು, ನನ್ನಲ್ಲಿ ಇಲ್ಲದ ಸ್ಕ್ಯಾನರ್ ನಡೆಸುವುದು. ಮೂಗಿಗಿಂತ ಮೂಗುತಿ ಭಾರವಾಗಿ ಡಿಸ್ಕಿನಲ್ಲಿ ಜಾಗವೇ ಉಳಿದಿರಲಿಲ್ಲ.

ಹಿಂದಿನ ಓಣಿಯ ಚಾಚಾ ದಿನಾಲೂ ಮಧ್ಯಾಹ್ನದ ನಮಾಜು ಮುಗಿಸಿ ನಮ್ಮ ಮನೆಗೆ ಬರುತ್ತಿದ್ದರು. ಅವರ ತಾಯಿ ನೇಯುತ್ತಿದ್ದ ಒಂದು ಅಂಚು ಈಗ ಅವರೊಬ್ಬರಿಗೇ ಗೊತ್ತಿತ್ತು. ಕಣ್ಣಿನ ನರಗಳು ಸೋಲುತ್ತಿವೆ, ಔಷಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ಪೂರಾ ಕತ್ತಲಾಗುವ ಮೊದಲು ಅಂಚನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಮಗಳ ಕೈಗೆ ಕೊಡಬೇಕೆಂದು ನಾಲ್ಕು ತಿಂಗಳಿಂದ ಒಂದೊಂದೇ ಚೌಕಕ್ಕೆ ಕೆಂಪು ತುಂಬುತ್ತಿದ್ದರು. ಇನ್ನು ಹತ್ತು ಸಾಲು ಉಳಿದಿತ್ತು.

ಅವತ್ತು ಬೆಳಿಗ್ಗೆ ನಾನು ಬೇಡದ್ದನ್ನೆಲ್ಲ ಒಂದೊಂದಾಗಿ ಕಿತ್ತೆ. ಎಷ್ಟು ಹಗುರ ಅನಿಸುತ್ತಿತ್ತು! ಅರ್ಥವಾಗದ ಒಂದು ಹೆಸರನ್ನೂ ಬಿಡಲಿಲ್ಲ. ಇದನ್ನು ತೆಗೆದರೆ ಇವೂ ಹೋಗುತ್ತವೆ, ಆಗಬಹುದೇ ಎಂದು ಕಂಪ್ಯೂಟರ್ ಕೇಳಿ, ಉದ್ದನೆಯ ಪಟ್ಟಿ ಮುಂದಿಟ್ಟಿತು. ಬಸ್ಸಿನಲ್ಲಿ ತೂಕಡಿಸುವವರಿಗೆ ಊರುಗಳು ದಾಟಿಹೋದಂತೆ ಹೆಸರುಗಳು ಕಣ್ಣಮುಂದೆ ದಾಟಿದವು. ಓದದೆಯೇ ಹೂಂ ಅಂದೆ. ಮತ್ತೆ ಚಾಲೂ ಮಾಡಿದಾಗ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಬರೀ ಬಿಳಿ ಅಕ್ಷರ. ಪರದೆಯ ಮೇಲೆ ಚಿತ್ರ ತೋರಿಸುವ ತಂತ್ರಾಂಶವನ್ನೇ ತೆಗೆದುಹಾಕಿದ್ದೆ. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟಂತಾಯಿತು.

ಗೆಳತಿಗೆ ಫೋನು ಮಾಡಿ ಅತ್ತೆ. ಚಾಚಾನ ಅಂಚಿನ ಕಡತ ಎಲ್ಲೂ ಹೋಗಿಲ್ಲ, ಸಿ.ಡಿ. ಕಳಿಸುತ್ತೇನೆ, ತೆಗೆದದ್ದನ್ನು ಮತ್ತೆ ಹಾಕಿಕೊಳ್ಳಬಹುದು ಅಂದಳು. ನಾನು ನಂಬಲಿಲ್ಲ. ಹಾಗಾದರೆ ಕಡತವನ್ನು ಅಕ್ಷರದಲ್ಲೇ ನೋಡು ಎಂದು ಒಂದು ಆಜ್ಞೆ ಹೇಳಿಕೊಟ್ಟಳು. ಟೈಪು ಮಾಡಿದೆ. ಚಾಚಾನ ಅಂಚು ಕಪ್ಪು ಪರದೆಯ ಮೇಲೆ ಸಾಲುಸಾಲಾಗಿ ಇಳಿಯಿತು: ಬಿಳಿ ನೂಲಿದ್ದಲ್ಲಿ ಚುಕ್ಕಿ, ಕೆಂಪು ನೂಲಿದ್ದಲ್ಲಿ ಕೂಡಿಸುವ ಗುರುತು. ಕನಸಿನಲ್ಲಿ ನೋಡಿದ ಹಾಗಿತ್ತು.

ಅಷ್ಟರಲ್ಲಿ ಚಾಚಾ ಬಂದರು. ನನ್ನ ತಪ್ಪನ್ನು ಹೇಳಿ, ಸಿ.ಡಿ. ಬರುವವರೆಗೆ ಎಂಟು ದಿನ ಕಾಯಬೇಕೆಂದೆ. ಅವರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಪರದೆಯ ಹತ್ತಿರ ಮುಖ ಒಯ್ದು, ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕೆಂದು ಮಗ್ಗದವರು ಹೇಳಿಕೊಡುವ ಹಾಗೆ, ಮೆಲ್ಲಗೆ ಓದತೊಡಗಿದರು. "ಎರಡ ಎತ್ತು, ಮೂರ ಬಿಡು. ಒಂದ ಎತ್ತು, ಐದ ಬಿಡು."

ಒಂದೂ ತಪ್ಪಲಿಲ್ಲ. ಇಷ್ಟು ಸಲೀಸಾಗಿ ಹೇಗೆ ಓದುತ್ತೀರಿ ಎಂದು ಕೇಳಿದೆ.

"ಕರೇದರ ಮ್ಯಾಲ ಬಿಳೇದು, ಇದು ಚಲೋ ಕಾಣಸ್ತೈತಿ ಬೇಟಿ. ಆ ಬಣ್ಣದ ಚೌಕ ನನಗ ಎಂದೂ ಕಂಡಿಲ್ಲ. ಎಣಿಸಿ ಎಣಿಸಿ ಗುಂಡಿ ಒತ್ತತಿದ್ದೆ."

ನಾಲ್ಕು ತಿಂಗಳು ಪಕ್ಕದಲ್ಲೇ ಕುಳಿತು, ಕೆಂಪು ಎಷ್ಟು ಚಂದ ಬಂದಿದೆ ನೋಡಿ ಚಾಚಾ, ಎಂದು ನಾನು ದಿನಾ ಹೇಳುತ್ತಿದ್ದೆ. ಅವರು ದಿನಾ ಹೌದು ಅನ್ನುತ್ತಿದ್ದರು. ನಾನು ಕೀಲಿಮಣೆಯನ್ನು ನನ್ನತ್ತ ಎಳೆದುಕೊಂಡೆ. ಅವರು ಹೇಳಿದಂತೆ ಉಳಿದ ಹತ್ತು ಸಾಲನ್ನು ಚುಕ್ಕಿ, ಗುರುತುಗಳಲ್ಲೇ ಟೈಪು ಮಾಡಿದೆವು. ಕೊನೆಯ ಸಾಲನ್ನು ಅವರೇ ಎರಡು ಸಲ ಓದಿ ನೋಡಿದರು.