ಕರಿ ಮರಳಿನ ದಂಡೆಯಲ್ಲಿ ಬಂದ ಫೋನು

ಅಕ್ಕಾ, ಚಿಗವ್ವ ತೀರಿಕೊಂಡ ಸುದ್ದಿ ನನಗೆ ಐಸ್‌ಲ್ಯಾಂಡಿನಲ್ಲೇ ಗೊತ್ತಾಗಿತ್ತು. ಮುಂಬೈಯಲ್ಲಿ ವಿಮಾನ ಇಳಿದ ಮೇಲೆ ‘ಈಗ ಫೋನ್ ಬಂತು’ ಎಂದು ನಿನ್ನ ಕೈ ಹಿಡಿದು ಅತ್ತೆನಲ್ಲ — ಅಳು ನಿಜ, ಮಾತು ಸುಳ್ಳು.

ಆ ಕರಿ ಮರಳಿನ ಸಮುದ್ರದಂಡೆ ನೆನಪಿದೆಯೆ? ನಾನು ಬಾಡಿಗೆ ಕಾರು ನಿಲ್ಲಿಸಿದ ಕೂಡಲೇ ನೀನು ಇಳಕಲ್ ಸೀರೆಯ ಮೇಲೆ ನನ್ನ ದಪ್ಪ ಕೋಟು ಏರಿಸಿಕೊಂಡು ಇಳಿದೆ. ಜ್ವಾಲಾಮುಖಿಯ ಕಲ್ಲು ಸವೆದು ಆದ ಮರಳು ಇದು ಎಂದು ನಾನು ಹೇಳುತ್ತಲೇ ಇದ್ದೆ, ನೀನು ಕೇಳಬೇಕಲ್ಲ. ಬಗ್ಗಿ ಒಂದು ಹಿಡಿ ತುಂಬಿಕೊಂಡು, ‘ನಮ್ಮ ಟಿಕೋಟಾದ ಎರಿ ಹೊಲದಂಗ ಐತಿ ನೋಡ ಬೇ’ ಎಂದೆ. ಆಗಲೇ ನನ್ನ ಫೋನು ಬಡಿದುಕೊಂಡಿತು. ನಾನು ಕಾರಿನ ಹಿಂದೆ ಹೋದೆ.

ಬಬಲೇಶ್ವರದಿಂದ ಚಿಗವ್ವನ ಮಗಳು ಮಹಾದೇವಿ. ‘ಅವ್ವ ಹೋದ್ಲು. ಹೊತ್ತು ಮುಳುಗೂದ್ರಾಗ ಮಣ್ಣು ಮಾಡ್ತಾರ. ಅಕ್ಕನ ಫೋನ್ ಹತ್ತವಲ್ದು. ನಿನ್ನ ಫೋನಿನ್ಯಾಗರ ಆಕಿ ಅವ್ವನ ಮಾರಿ ಒಮ್ಮೆ ನೋಡ್ಲಿ. ಕಾಯ್ತೀವಿ.’

‘ಹೇಳ್ತೀನಿ’ ಎಂದೆ. ಫೋನು ಬಂದ್ ಮಾಡಿದೆ.

ಮರುದಿನ ನಾವು ಹಿಮನದಿಗೆ ಹೋಗುವುದಿತ್ತು. ಹೇಳಿದ್ದರೆ ನೀನು ‘ನಡಿ ಊರಿಗೆ’ ಎನ್ನುತ್ತಿದ್ದೆ. ನಿನಗೆ ನೋವಾಗದಿರಲಿ ಎಂದು ಮುಚ್ಚಿಟ್ಟೆ — ಹೀಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ನನಗೆ ಹಿಮನದಿ ನೋಡಬೇಕಿತ್ತು, ಅಷ್ಟೇ. ಸಣ್ಣಂದಿನಿಂದ ನಿನ್ನನ್ನು ತನ್ನ ಮನೆಯಲ್ಲಿಟ್ಟುಕೊಂಡು ಬೆಳೆಸಿದವಳ ಮುಖಕ್ಕಿಂತ ಅದೇ ನನಗೆ ಹೆಚ್ಚಾಯಿತು.

ಮರುದಿನ ನೀನು ಬರ್ಫದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ನಕ್ಕೆ. ‘ಫೋಟೊ ತಗಿ ಬೇ, ಚಿಗವ್ವಗ ತೋರಸೂಣು. ಬಾಯಿಲೆ ಹೇಳಿದ್ರ ಆಕಿ ನಂಬೂದಿಲ್ಲ.’ ನಾನು ತೆಗೆದೆ.

ಅಂದಿನಿಂದ ಮಹಾದೇವಿ ನಿನ್ನೊಡನೆ ಮಾತು ಬಿಟ್ಟಿದ್ದಾಳೆ. ಸುದ್ದಿ ತಿಳಿದೂ ನೀನು ಮುಖ ನೋಡಲಿಲ್ಲ ಎಂದು ಅವಳ ಸಿಟ್ಟು. ‘ಆಕಿಗೆ ನಾ ಏನ ಮಾಡೇನಿ?’ ಎಂದು ನೀನು ಕೇಳಿದಾಗಲೆಲ್ಲ ನಾನು ಚಹಾ ಸೋಸುವ ನೆಪ ಹೂಡಿ ಒಳಗೆ ಹೋಗಿದ್ದೇನೆ. ನೀನು ಏನೂ ಮಾಡಿಲ್ಲ, ಅಕ್ಕಾ. ಮಾಡಿದವಳು ನಾನು.

ನಾಳೆ ವಿಜಯಪುರದಿಂದ ಮೊದಲ ಬಸ್ಸಿಗೆ ಟಿಕೋಟಾಕ್ಕೆ ಬರುತ್ತೇನೆ. ಇಲ್ಲಿ ಬರೆದಿದ್ದನ್ನೆಲ್ಲ ನಿನ್ನೆದುರು ನಿಂತು ಹೇಳುತ್ತೇನೆ. ನೀನು ಬಂದರೂ ಸರಿ, ಬಾರದಿದ್ದರೂ ಸರಿ, ಅಲ್ಲಿಂದ ಬಬಲೇಶ್ವರಕ್ಕೆ ಹೋಗುತ್ತೇನೆ. ಅವತ್ತು ಅವರು ಚಿಗವ್ವನ ಮುಖದ ಮುಂದೆ ಫೋನು ಹಿಡಿದು ಎಷ್ಟು ಹೊತ್ತು ಕಾದರು — ಇದುವರೆಗೂ ಕೇಳಲು ಧೈರ್ಯವಾಗಿಲ್ಲ. ನಾಳೆ ಮಹಾದೇವಿಯನ್ನು ಕೇಳುತ್ತೇನೆ.