ಮೂರು ಕೈಯ ಕಛೇರಿ

ನಮ್ಮಮ್ಮ ಹಿಡಿದ ಪಟ್ಟು ಬಿಡುವವಳಲ್ಲ. ಮನೆಯಲ್ಲಿ ಮಕ್ಕಳಿಗೆ ಪಿಯಾನೊ ಪಾಠ ಹೇಳುತ್ತಾಳೆ. ಉಳಿದ ಹೊತ್ತೆಲ್ಲ, ಒಂದೇ ಕೀಲಿಮಣೆಗೆಂದು ಶತಮಾನಗಳ ಹಿಂದೆ ಯುರೋಪಿನಲ್ಲಿ ಬರೆದ ಬರೋಕ್ ಸಂಗೀತವನ್ನು ಬಿಡಿಸಿ ಎರಡು ಬ್ಯಾಂಡೋನಿಯನ್‌ಗಳಿಗೆ ಹಂಚುತ್ತಾಳೆ. ಒಂದು ಅವಳಿಗೆ, ಇನ್ನೊಂದು ಅವಳ ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ. ಮಾವ ಅಂಗಡಿಗಳ ಬೋರ್ಡು ಬರೆಯುವವನು. ಅಮ್ಮ ಪೆನ್ಸಿಲಿನಲ್ಲಿ ಗೀಚಿದ್ದನ್ನು ಅವನು ರಸ್ತೆಯಾಚೆಯಿಂದಲೂ ಓದುವ ಹಾಗೆ ದಪ್ಪಕ್ಕೆ ನಕಲು ಮಾಡಿಕೊಡುತ್ತಾನೆ.

ಬ್ಯಾಂಡೋನಿಯನ್ ಎಂದರೆ ತೊಡೆಯ ಮೇಲಿಟ್ಟು ನುಡಿಸುವ ತಿದಿಪೆಟ್ಟಿಗೆ. ಎರಡೂ ಬದಿಗೆ ಗುಂಡಿಗಳು. ತಿದಿ ಎಳೆಯುವಾಗ ಒಂದು ಸ್ವರ ಕೊಡುವ ಗುಂಡಿ, ಮುಚ್ಚುವಾಗ ಬೇರೆಯದನ್ನೇ ಕೊಡುತ್ತದೆ. ಇಂಥ ತಲೆಹರಟೆ ವಾದ್ಯ ಇನ್ನೊಂದಿಲ್ಲ. ಅಮ್ಮನ ಪದ್ಧತಿ ಏನೆಂದರೆ, ಅವಳು ಎಳೆಯುವಾಗ ಮಾವ ಮುಚ್ಚಬೇಕು, ಮಾವ ಎಳೆಯುವಾಗ ಅವಳು. ಎಲ್ಲೂ ಇಬ್ಬರ ತಿದಿಯೂ ಒಟ್ಟಿಗೆ ತೀರಬಾರದು.

ಮಾವನಿಗೆ ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋಯಿತು. ಬೋರ್ಡು ಬರೆಯಲು ಬಲಗೈ ಸಾಕು, ಬ್ಯಾಂಡೋನಿಯನ್‌ಗೆ ಸಾಲದು. ಸಂಗೀತ ಸಂಘದ ಆರ್ಗನ್ ಮೇಷ್ಟ್ರು ಮನೆಗೆ ಬಂದು, ಸಂಘದ ಈ ಸಲದ ಕಛೇರಿಗೆ ಮಾವನ ಬದಲು ನನ್ನ ಶಿಷ್ಯನನ್ನು ಜೊತೆಗೆ ಕೂರಿಸಿಕೊಳ್ಳಿ ಎಂದು ಬೆಣ್ಣೆಯಂಥ ಮಾತಾಡಿದರು. ಮಾವ ಕಿಟಕಿಯ ಕಡೆ ಮುಖ ತಿರುಗಿಸಿದ. ನನಗೆ ಪಿತ್ತ ನೆತ್ತಿಗೇರಿತು. ಅಮ್ಮ ಮಾತ್ರ ಅವರ ಮುಂದಿದ್ದ ಖಾಲಿ ಲೋಟ ಎತ್ತಿಕೊಂಡಳು.

"ಆ ಕುರ್ಚಿ ನನ್ ತಮ್ಮಂದು, ಮೇಷ್ಟ್ರೇ. ನಾಲ್ಕು ಕೈಗೆ ಬರೆದಿದ್ದನ್ನ ಮೂರು ಕೈಗೆ ಬರೀತೀನಿ."

ಮೇಷ್ಟ್ರು ಒಪ್ಪಿದರು, ಆದರೆ ಷರತ್ತು ಹಾಕಿದರು. ನಡುವೆ ಎಲ್ಲಾದರೂ ಸಂಗೀತ ನಿಂತರೆ ಮುಂದಿನ ಸಲ ಶಿಷ್ಯನೇ.

ಅವತ್ತಿನಿಂದ ಅಡುಗೆಮನೆಯ ಮೇಜಿನ ಮೇಲೂ ಹಾಳೆಗಳೇ. ಮಾವನ ಎಡಗೈಯನ್ನು ವಾದ್ಯದ ಪಟ್ಟಿಗೆ ಬಿಗಿದರೆ, ಪೆಟ್ಟಿಗೆ ಮಂಡಿಯ ಮೇಲಿಂದ ತನ್ನ ಭಾರಕ್ಕೆ ತಾನೇ ಜಾರಿ ತೆರೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ಅವನು ಬಲಗೈಯಲ್ಲಿ ನುಡಿಸಬಹುದು. ಮುಚ್ಚುವುದೇ ಫಜೀತಿ. ಬಲ ಹೆಬ್ಬೆರಳಿನಲ್ಲಿ ಗಾಳಿ ಬಿಡುವ ಕೀಲು ಒತ್ತಿ, ಮಂಡಿ ಎತ್ತಿ, ಭುಜದಿಂದ ದೂಡಬೇಕು. ಆಗ ಅವನಿಗೆ ಸ್ವರವಿಲ್ಲ. ಅಂಥ ಕಡೆಯೆಲ್ಲ ಅಮ್ಮ ಅವನ ಪಾಲನ್ನೂ ತನ್ನ ಕೈಗೆ ಬರೆದುಕೊಂಡಳು. ಮೂಲ ಕೆಡುತ್ತದೆ ಎಂದು ಮೇಷ್ಟ್ರು ಮೂಗು ಮುರಿದರೆ ಕ್ಯಾರೇ ಅನ್ನಲಿಲ್ಲ. ಇವಳು ತನ್ನನ್ನು ಸುಮ್ಮನೆ ಕಾಯಿಲೆ ಬೀಳಲೂ ಬಿಡುವುದಿಲ್ಲವೆಂದು ಮಾವ ಗೊಣಗುತ್ತಲೇ ನುಡಿಸಿದ.

ಕಛೇರಿಯ ದಿನ ಎಲ್ಲ ಸರಾಗವಾಗಿ ನಡೆಯಿತು, ಕೊನೆಯ ಸ್ವರಗುಚ್ಛದ ತನಕ. ಅಲ್ಲಿ ಅಮ್ಮ ಬರೆಯುವಾಗಲೇ ಎಡವಿದ್ದಳು. ಆ ಹೊತ್ತಿಗೆ ಇಬ್ಬರ ತಿದಿಯೂ ಮುಚ್ಚಿರುತ್ತದೆಂದು ಎಣಿಸಿ ಇಬ್ಬರಿಗೂ ಎಳೆಯುವ ಸ್ವರಗಳನ್ನೇ ಬರೆದಿದ್ದಳು. ಮನೆಯಲ್ಲಿ ಆ ಕೊನೆಯದನ್ನು ಬಿಡಿಯಾಗಿಯೇ ನುಡಿಸಿ ನೋಡಿದ್ದರಿಂದ ಗೊತ್ತಾಗಿರಲಿಲ್ಲ. ಇಬ್ಬರ ತಿದಿಗಳೂ ಪೂರ್ತಿ ತೆರೆದು ನಿಂತವು, ಇನ್ನು ಎಳೆಯಲು ಜಾಗವಿಲ್ಲ. ಅಮ್ಮ ಬೇರೆ ಗುಂಡಿ ಹಿಡಿದು, ಮುಚ್ಚುತ್ತಾ, ಒಬ್ಬಳೇ ನುಡಿಸಿ ಮುಗಿಸಿಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಕೈ ನಿಲ್ಲಿಸಿ ತಮ್ಮನನ್ನು ನೋಡಿದಳು. ಮುಂದಿನ ಸಾಲಿನಲ್ಲಿ ಮೇಷ್ಟ್ರು ಎದ್ದರು.

"ಕೂತ್ಕೊಳ್ಳಿ ಮೇಷ್ಟ್ರೇ. ಅವನು ತಿದಿ ಮುಚ್ಚೋವರೆಗೂ ಕಾಯೋಣ," ಅಂದಳು ಅಮ್ಮ.

ಮಾವ ಭುಜ ಕೊಟ್ಟು ದೂಡಿದ. ಇಡೀ ಹಾಲಿಗೆ ಕೇಳುವಷ್ಟು ಗಾಳಿ ಸುಯ್ಯೆಂದು ಹೊರಬಿತ್ತು. ಅವನ ಹಣೆಯ ಮೇಲೆ ಬೆವರು. ಯಾರೋ ಕೆಮ್ಮಿದರು. ಅಮ್ಮನೂ ತನ್ನದನ್ನು ಮುಚ್ಚಿಕೊಂಡಳು. ಆಮೇಲೆ ಇಬ್ಬರೂ ಒಟ್ಟಿಗೆ ಎಳೆದು, ಆ ಕೊನೆಯದನ್ನು ತಿದಿ ತೀರುವ ತನಕ ನುಡಿಸಿದರು.

ಷರತ್ತು ಷರತ್ತೇ ಎಂದರು ಮೇಷ್ಟ್ರು. ಮುಂದಿನ ಸಲದ ಕಛೇರಿಗೆ ಬೋರ್ಡು ಬರೆಯುವ ಕೆಲಸ ಎಂದಿನಂತೆ ಮಾವನಿಗೇ ಬಂತು, ಅಮ್ಮನ ಹೆಸರಿನ ಪಕ್ಕ ಶಿಷ್ಯನ ಹೆಸರಿದ್ದ ಚೀಟಿಯೊಂದಿಗೆ. ಮಾವ ಆ ಚೀಟಿಗೆ ಕುಂಚ ಒರೆಸಿದ. ಅಕ್ಕನ ಹೆಸರು, ಪಕ್ಕದಲ್ಲಿ ತನ್ನದು, ಎರಡನ್ನೂ ಒಂದೇ ಅಳತೆಯಲ್ಲಿ ಬರೆದ. ನಾನೇ ಏಣಿ ಹತ್ತಿ ಬೋರ್ಡನ್ನು ಹಾಲಿನ ಬಾಗಿಲ ಮೇಲೆ ಮೊಳೆ ಹೊಡೆದು ಕೂರಿಸಿ ಬಂದಿದ್ದೇನೆ. ಕೀಳುವವರಿದ್ದರೆ ಬರಲಿ, ಏಣಿ ನಮ್ಮ ಮನೆಯಲ್ಲಿದೆ.