ಸೈಮನ್ ಮಾಸ್ಟ್ರ ಅಂಗಾಲು

ಕಣ್ಣು ಮುಚ್ಚಿಕೊಂಡು, ಬರಿಗಾಲನ್ನು ನೆಲಕ್ಕೆ ಒತ್ತಿ ಎಳೆಯುತ್ತ ಚರ್ಚಿನ ಹಾಲ್ ತುಂಬ ಓಡಾಡುವ ದಪ್ಪ ಹೊಟ್ಟೆಯ ಮನುಷ್ಯನನ್ನು ಮೊದಲ ಸಲ ಕಂಡಾಗ, ಇವರದು ಉಂಗುರವೋ ಏನೋ ಕಳೆದುಹೋಗಿದೆ ಅಂದುಕೊಂಡೆ. ಆ ಹೊಟ್ಟೆಯ ಕೆಳಗೆಲ್ಲೋ ಕಪ್ಪು ಬೆಲ್ಟ್ ಇತ್ತು. ಕಾಣುತ್ತಿರಲಿಲ್ಲ, ನಂಬಬೇಕಿತ್ತು.

ಅವರೇ ನಮ್ಮ ಕರಾಟೆ ಮಾಸ್ಟ್ರು ಸೈಮನ್. ಹೊಳಲ್ಕೆರೆಯ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ಟ್ರಾಗಿದ್ದವರು ಸಂಜೆ ಬಸ್ಸು ಹಿಡಿದು ಹೊಸದುರ್ಗಕ್ಕೆ ಬಂದು, ಚರ್ಚಿನ ಹಿಂದಿನ ಹಾಲ್‌ನಲ್ಲಿ ಊರ ಮಕ್ಕಳಿಗೆಲ್ಲ ಕಲಿಸುತ್ತಿದ್ದರು. ಭಾನುವಾರ ಅಲ್ಲಿ ಪ್ರಾರ್ಥನಾ ಕೂಟ ನಡೆಯುತ್ತಿದ್ದರಿಂದ, ಕೆಂಪು ಗಾರೆ ನೆಲದ ಮೇಲೆ ಮೇಣದಬತ್ತಿಯ ಹನಿಗಳು ಗಟ್ಟಿಯಾಗಿ ಕೂತಿರುತ್ತಿದ್ದವು. ಅಂಗಾಲಿಗೆ ಒಂದು ಹನಿ ತಗುಲಿದರೂ ಸಾಕು, ಮಾಸ್ಟ್ರು ಕುಕ್ಕರುಗಾಲಲ್ಲಿ ಕೂತು ತೆಂಗಿನ ಕರಟದ ಚೂರಿನಿಂದ ಕೆರೆದು ತೆಗೆಯುವವರು. ಅಲ್ಲಿಯವರೆಗೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ.

“ಮೊದ್ಲು ನೆಲ, ಆಮ್ಯಾಲೆ ನಾನು, ಆಮ್ಯಾಲೆ ನೀವು. ತಿಳೀತೇನ್ರಲೇ?”

ನಾನು ಯಾರ ದನಿಯನ್ನೂ ಅಣಕಿಸದೆ ಬಿಟ್ಟವನಲ್ಲ. ವಾರದೊಳಗೆ ಮಾಸ್ಟ್ರನ್ನೂ ಹಿಡಿದೆ. ಅವರಿಗೆ ಜಪಾನಿ ಎಣಿಕೆ ಐದರವರೆಗೆ ಮಾತ್ರ ಬರುತ್ತಿತ್ತು. “ಇಚ್ಚಿ, ನೀ, ಸಾನ್, ಶೀ, ಗೋ... ಆರು, ಏಳು!” ಅಂಗಿಯೊಳಗೆ ಟವೆಲ್ ತುರುಕಿ ಹೊಟ್ಟೆ ಮಾಡಿಕೊಂಡು ನಾನು ಎಣಿಸುತ್ತಿದ್ದಾಗ ಹುಡುಗರ ನಗು ತಟ್ಟನೆ ನಿಂತಿತು. ಹಿಂದೆ ಮಾಸ್ಟ್ರು.

“ದನಿ ಸರಿ ಐತೆ. ಹೊಟ್ಟೆ ಸಾಲ್ದು ಕಣಲೇ. ಇನ್ನೊಂದ್ ಟವೆಲ್ ಹಾಕು.”

ಮನೆ ಬಾಗಿಲಲ್ಲಿ ಅದೇ ದನಿ ತೆಗೆದರೆ ಅವ್ವ ಸೆರಗು ಸರಿಮಾಡಿಕೊಂಡು, “ಬರ್ರಿ ಮಾಸ್ಟ್ರೇ, ಕುಂತ್ಕಳ್ರಿ” ಎನ್ನುತ್ತ ಅಡುಗೆಮನೆಯಿಂದ ಬರುತ್ತಿದ್ದಳು. ನನ್ನ ಮುಖ ಕಂಡೊಡನೆ ಸೌಟು ಎತ್ತುತ್ತಿದ್ದಳು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ, ಕ್ರಿಸ್‌ಮಸ್ ಹತ್ತಿರ, ಹಾಲ್ ಗುಡಿಸುವ ಮಾರ್ತಕ್ಕ ನೆಲ ಫಳಫಳ ಹೊಳೆಯಲಿ ಎಂದು ಕೊಬ್ಬರಿ ಎಣ್ಣೆ ಸವರಿ ಉಜ್ಜಿದ್ದಳು. ಅಂದು ಮಾಸ್ಟ್ರ ಬಸ್ಸು ದಾರಿಯಲ್ಲಿ ಪಂಕ್ಚರ್. ಬೆಲ್ಟ್ ಪರೀಕ್ಷೆ ಹತ್ತಿರವಿದ್ದದ್ದರಿಂದ, ಬೆವರೊರೆಸಿಕೊಳ್ಳುತ್ತ ಬಂದವರೇ ನೇರವಾಗಿ ಎಣಿಸತೊಡಗಿದರು. ಅಂಗಾಲಿಂದ ನೆಲ ಸವರಿ ನೋಡಲಿಲ್ಲ. ನಾನು ಅಂದು ಯಾರ ಅಣಕವನ್ನೂ ಮಾಡುತ್ತಿರಲಿಲ್ಲ. ನನ್ನ ಬದುಕಿನಲ್ಲಿ ಅಂಥ ದಿನಗಳು ಕಡಿಮೆ. ಒದೆಯಲು ಕಾಲೆತ್ತಿದೆ, ಇನ್ನೊಂದು ಕಾಲು ಜಾರಿತು, ಎಡಮೊಣಕೈ ಮುರಿಯಿತು.

ಅಪ್ಪ ಕೊಬ್ಬರಿ ವ್ಯಾಪಾರಿ. ಪ್ಲಾಸ್ಟರ್ ಹಾಕಿದ ನನ್ನನ್ನು ಮುಂದೆ ನಿಲ್ಲಿಸಿಕೊಂಡು, ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆಂದು ಚರ್ಚಿನ ಕಮಿಟಿಯವರ ಮುಂದೆ ಗುಡುಗಿದರು. ಕಮಿಟಿಯಲ್ಲಿ ಒಬ್ಬರು ವಕೀಲರಿದ್ದರು.

“ಹಾಲ್ ಚರ್ಚಿಂದು, ಹುಡುಗ್ರ ಡ್ರೆಸ್ ಮೇಲಿನ ಹೆಸ್ರು ಚರ್ಚಿಂದು, ಬಿದ್ದೋನು ಮೈನರು. ಕೇಸಾದ್ರೆ ಮಾಸ್ಟ್ರ ಜತೆ ಚರ್ಚೂ ಕೋರ್ಟಿನಾಗೆ ನಿಲ್ಬೇಕಾಗ್ತೈತೆ,” ಎಂದ ಅವರು ಅಲ್ಲೇ ಕೂತಿದ್ದ ಮಾಸ್ಟ್ರ ಕಡೆ ತಿರುಗಿದರು. “ಆದ್ರೆ ಈ ಹುಡುಗ ಅಣಕ ಮಾಡೋನಲ್ವ? ಅವತ್ತೂ ಮಂಗಾಟ ಮಾಡ್ತಾ ಬಿದ್ದಿರ್ಬೇಕು. ಹಂಗಂತ ಹೇಳ್ರಿ, ಕ್ಲಾಸೂ ಉಳೀತೈತೆ.”

ಅಪ್ಪನ ಸಿಟ್ಟು ಅಲ್ಲೇ ಇಳಿಯಿತು. “ಹಂಗಾದ್ರೆ ಇವ್ನೇ ಮಾಡ್ಕೊಂಡಿರ್ತಾನೆ ಬಿಡ್ರಿ. ಮೊನ್ನೆ ನನ್ನಂಗೇ ಫೋನ್ ಮಾಡಿ ಅಂಗಡಿ ಹುಡುಗ್ರಿಗೆ ರಜಾ ಕೊಟ್ಟಾನೆ!”

ಕ್ಲಾಸು ಉಳಿಯುವುದಾದರೆ ಮಂಗ ಅನ್ನಿಸಿಕೊಳ್ಳಲು ನನ್ನದೇನೂ ಅಡ್ಡಿಯಿರಲಿಲ್ಲ, ಅಭ್ಯಾಸವಿತ್ತು. ಜೋರಾಗಿ ತಲೆಯಾಡಿಸಿದೆ. ಮಾಸ್ಟ್ರು ಎದ್ದು ನಿಂತರು.

“ಇಲ್ರಿ. ಅವತ್ತೊಂದಿನ ಇವ್ನು ನೆಟ್ಟಗೆ ಮಾಡ್ತಿದ್ದ. ಕಾಲು ಎಷ್ಟ್ ಚಂದ ಎತ್ತಿದ್ದ ಗೊತ್ತೇನ್ರಿ? ಅದನ್ನ ಮಂಗಾಟ ಅನ್ನಕ್ಕೆ ನನ್ ಕೈಲಾಗಲ್ಲ. ಮಾರ್ತಕ್ಕ ಹಬ್ಬಕ್ಕಂತ ಎಣ್ಣೆ ಹಚ್ಚವ್ಳೆ, ಅವಳನ್ನೂ ಎಳೀಬ್ಯಾಡ್ರಿ. ನೆಲ ನೋಡ್ಬೇಕಾದೋನು ನಾನು. ನೋಡ್ಲಿಲ್ಲ.”

ನನ್ನ ಕಾಲನ್ನು ಅವರು ಹೊಗಳಿದ್ದು ಅದೊಂದೇ ಸಲ.

ಅಪ್ಪ ಮತ್ತೆ ಪೊಲೀಸರ ಮಾತೆತ್ತಲಿಲ್ಲ. ಆದರೆ ವಕೀಲರು, “ನೀವೇ ಒಪ್ಕಂಡ್ಮ್ಯಾಲೆ, ನಾಳೆ ಇನ್ನೊಂದ್ ಮಗು ಬಿದ್ರೆ ನಾವೇನ್ ಹೇಳಾಣ್ರಿ?” ಎಂದರು. ಆ ವಕೀಲರ ದನಿಯನ್ನೂ ನಾನು ತೆಗೆಯುತ್ತೇನೆ, ಮೂಗಿನಿಂದ. ಈ ಮಾತು ಬಂದಾಗ ಮಾತ್ರ ನಗಿಸಲು ಆಗುವುದಿಲ್ಲ. ಕ್ಲಾಸು ನಿಂತಿತು.

ಮಾಸ್ಟ್ರು ಆ ಬೇಸಿಗೆಯಲ್ಲಿ ಹೊಳಲ್ಕೆರೆಯ ಕೆಲಸವನ್ನೂ ಬಿಟ್ಟು, ಹಿರಿಯೂರಿನ ಕಡೆ ಅಕ್ಕನ ಊರಿಗೆ ಹೊರಟರು. ಬಸ್ ಸ್ಟ್ಯಾಂಡಿಗೆ ಹೋಗಿದ್ದೆ.

“ಎಲ್ಲಿ, ನನ್ನಂಗೆ ಒಂದ್ಸಲ ಮಾಡ್ಲೇ,” ಎಂದರು.

“ಮೊದ್ಲು ನೆಲ...” ಎಂದೆ. ಅವರು ನನ್ನ ಬೆನ್ನಿಗೆ ಗುದ್ದಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು. ಬಸ್ಸಿನ ಮೆಟ್ಟಿಲ ಮೇಲೆ ಅಂಗಾಲು ಒಮ್ಮೆ ಸವರಿ ನೋಡಿ, ಆಮೇಲೆ ಹತ್ತಿದರು. ಕಂಡಕ್ಟರ್ ವಿಚಿತ್ರವಾಗಿ ನೋಡಿದ.

ನನ್ನ ಎಡಗೈ ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ಹಾಲ್ ಈಗ ಕುರ್ಚಿಗಳಿಂದ ತುಂಬಿದೆ. ಮೇಣದ ಹನಿಗಳನ್ನು ಯಾರೂ ಕೆರೆಯುವುದಿಲ್ಲ.

ಒಮ್ಮೊಮ್ಮೆ ಸಂಜೆ ಮನೆ ಬಾಗಿಲಲ್ಲಿ ನಿಂತು, ಟವೆಲ್ ಇಲ್ಲದೆ, ಹುಡುಗರಿಲ್ಲದೆ, ಸುಮ್ಮನೆ ಎಣಿಸುತ್ತೇನೆ. “ಗೋ... ಆರು, ಏಳು.” ಅವ್ವ ಈಗಲೂ ಸೆರಗು ಸರಿಮಾಡಿಕೊಂಡೇ ಬರುತ್ತಾಳೆ.

“ಮಾಸ್ಟ್ರು ಬಂದ್ರೇನ್ಲೇ?”

“ಇಲ್ಲವ್ವ, ನಾನೇ.”

ಸೌಟು ಕೈಯಲ್ಲೇ ಇರುತ್ತದೆ. ಎತ್ತುವುದಿಲ್ಲ.